ಹನೋಕನ ಆಕಾಶ, 364 ದಿನಗಳ ಹಟ

ಬೈಬಲಿನ ಆದಿಕಾಂಡದಲ್ಲಿ ಹನೋಕನಿಗೆ ಸಿಕ್ಕಿರುವುದು ಕೆಲವೇ ಸಾಲು. 365 ವರ್ಷ ಬದುಕಿದ, ದೇವರೊಡನೆ ನಡೆದ, ಆಮೇಲೆ ಕಾಣದಾದ. ಸೌರವರ್ಷದ ದಿನಗಳಷ್ಟೇ ಆಯಸ್ಸು ಪಡೆದ ಈ ಪೂರ್ವಜನ ಹೆಸರಿನಲ್ಲಿ ಯೆಹೂದ್ಯರ ನಡುವೆ ಇಡೀ ಗ್ರಂಥವೇ ಬೆಳೆಯಿತು. ಅದರ 72ರಿಂದ 82ರವರೆಗಿನ ಅಧ್ಯಾಯಗಳ ಮುಖ್ಯ ವಿಷಯ ಖಗೋಳ. ಮೃತ ಸಮುದ್ರದ ದಂಡೆಯ ಕುಮ್ರಾನಿನಲ್ಲಿ ಸಿಕ್ಕ ಅರಮಾಯಿಕ್ ತುಣುಕುಗಳಲ್ಲಿ ಅತ್ಯಂತ ಹಳೆಯದು ಕ್ರಿ.ಪೂ. 200ರ ಆಸುಪಾಸಿನದು. ಗ್ರಂಥ ಪೂರ್ತಿಯಾಗಿ ಉಳಿದದ್ದು ಇಥಿಯೋಪಿಯಾದ ಗೀಝ್ ಭಾಷೆಯಲ್ಲಿ. ಅಲ್ಲಿನ ಆರ್ಥೊಡಾಕ್ಸ್ ಚರ್ಚಿಗೆ ಇದು ಇಂದಿಗೂ ಪವಿತ್ರಗ್ರಂಥ. ಅಬ್ರಹಾಮೀಯ ಪರಂಪರೆಯ ಖಗೋಳದೃಷ್ಟಿಯನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಕಂಡಿಲ್ಲ. ಬೇರೆಡೆ ಆಕಾಶ ಸ್ತುತಿಯ ವಸ್ತು, ಇಲ್ಲಿ ಲೆಕ್ಕದ ವಸ್ತು.

ಊರಿಯೇಲ್ ಎಂಬ ದೇವದೂತ ಹನೋಕನಿಗೆ ದಿಗಂತವನ್ನು ತೋರಿಸುತ್ತಾನೆ. ಪೂರ್ವದಲ್ಲಿ ಆರು ಬಾಗಿಲು, ಪಶ್ಚಿಮದಲ್ಲಿ ಆರು. ವರ್ಷದ ಮೊದಲ 30 ದಿನ ಸೂರ್ಯ ನಾಲ್ಕನೆಯ ಬಾಗಿಲಿನಿಂದ ಹುಟ್ಟುತ್ತಾನೆ, ಮುಂದಿನ 30 ದಿನ ಐದನೆಯದರಿಂದ, ಆಮೇಲೆ 31 ದಿನ ಆರನೆಯದರಿಂದ. ಅಲ್ಲಿಂದ ದಕ್ಷಿಣಕ್ಕೆ ಹೊರಳುತ್ತಾನೆ. ಉತ್ತರಾಯಣ, ದಕ್ಷಿಣಾಯನ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷವಿಡೀ ಒಂದೇ ಕಡೆ ನಿಂತು, ಸೂರ್ಯೋದಯ ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ಯಾರೋ ಕಣ್ಣಿಟ್ಟು ನೋಡಿದ್ದಾರೆ; ಆ ನೋಟದ ಮೇಲೆಯೇ ಈ ಬರಹ ನಿಂತಿದೆ. ಇದೇ ಗ್ರಂಥದ ಎಂಟನೆಯ ಅಧ್ಯಾಯವು ನಕ್ಷತ್ರ ನೋಡಿ ಭವಿಷ್ಯ ಹೇಳುವ ವಿದ್ಯೆಯನ್ನು ದಾರಿತಪ್ಪಿದ ದೂತರು ಕಲಿಸಿದ್ದೆಂದು ಖಂಡಿಸುತ್ತದೆ. ಸೂರ್ಯಚಂದ್ರರು ಇಲ್ಲಿ ದೇವರುಗಳಲ್ಲ, ಹೇಳಿದ ಹೊತ್ತಿಗೆ ಬಂದುಹೋಗುವ ಆಳುಗಳು. ಆ ಕಾಲಕ್ಕೆ ಇದು ದೊಡ್ಡ ಮಾತು.

ಲೆಕ್ಕಕ್ಕೆ ಇಳಿದಾಗ ಮಾತ್ರ ಗ್ರಂಥ ಎಡವುತ್ತದೆ. ಹಗಲು ರಾತ್ರಿ ಸೇರಿ 18 ಪಾಲು. ವಸಂತ ವಿಷುವದಲ್ಲಿ ಒಂಬತ್ತಕ್ಕೆ ಒಂಬತ್ತು. ಆಮೇಲೆ ಹಗಲು ತಿಂಗಳಿಗೊಂದು ಪಾಲಿನಂತೆ ಏರಿ ಕೊನೆಗೆ ಹಗಲು ಹನ್ನೆರಡು, ರಾತ್ರಿ ಆರು. ಅಂದರೆ ಹದಿನಾರು ಗಂಟೆಯ ಹಗಲು! ಜೆರುಸಲೇಮಿನ ಅತಿ ದೀರ್ಘ ಹಗಲು ಹದಿನಾಲ್ಕೂಕಾಲು ಗಂಟೆಯ ಹತ್ತಿರ. ಅದೂ ಅಲ್ಲದೆ ಹಗಲು ಹೀಗೆ ಸಮಸಮನಾಗಿ ಬೆಳೆಯುವುದಿಲ್ಲ: ವಿಷುವದ ಬಳಿ ಬೇಗ, ಅಯನ ತಿರುಗುವ ಹೊತ್ತಿಗೆ ನಿಂತೇಬಿಟ್ಟಂತೆ. ಎರಡಕ್ಕೆ ಒಂದರ ಈ ಅನುಪಾತ ಬ್ಯಾಬಿಲೋನಿನ ಮುಲ್ ಅಪಿನ್ ಫಲಕಗಳಲ್ಲೂ ಇದೆ. ಎರವಲು ತಂದದ್ದು ತಪ್ಪಲ್ಲ. ತಂದದ್ದನ್ನು ತಮ್ಮ ಊರಿನ ಹಗಲಿನೊಂದಿಗೆ ತಾಳೆ ನೋಡದೆ ದೇವದೂತನ ಬಾಯಲ್ಲಿ ಹೇಳಿಸಿದ್ದು ತಪ್ಪು.

ವರ್ಷಕ್ಕೆ 364 ದಿನ ಎಂಬ ಹಟ ಇನ್ನೂ ದೊಡ್ಡದು. 364 ಎಂದರೆ ಸರಿಯಾಗಿ 52 ವಾರ. ಪ್ರತಿ ಹಬ್ಬವೂ ಪ್ರತಿ ವರ್ಷ ವಾರದ ಅದೇ ದಿನ ಬರುತ್ತದೆ, ವಾರದ ವಿಶ್ರಾಂತಿದಿನವಾದ ಸಬ್ಬತ್ತಿಗೆ ಭಂಗವಿಲ್ಲ. ಇದರ ಸೊಗಸು ನನಗೂ ಹಿಡಿಸುತ್ತದೆ. ಆದರೆ ಸೌರವರ್ಷ 365 ದಿನ ಮತ್ತು ಸುಮಾರು ಕಾಲು ದಿನ. 30 ವರ್ಷ ಕಳೆಯುವಷ್ಟರಲ್ಲಿ ಹಬ್ಬಗಳು ಋತುವಿಗಿಂತ 37 ದಿನ ಮುಂಚೆ ಬಂದುಬಿಡುತ್ತವೆ. ನಮ್ಮ ಅಧಿಕಮಾಸದಂಥ ಪರಿಹಾರ ಈ ಗ್ರಂಥದಲ್ಲಿ ಎಲ್ಲೂ ಇಲ್ಲ. 80ನೆಯ ಅಧ್ಯಾಯ ಓದಿ: ಪಾಪಿಗಳ ಕಾಲದಲ್ಲಿ ವರ್ಷಗಳು ಕುಗ್ಗುತ್ತವೆ, ಬೆಳೆ ತಡವಾಗುತ್ತದೆ, ಚಂದ್ರ ಹೊತ್ತಿಗೆ ಸರಿಯಾಗಿ ಕಾಣಿಸುವುದಿಲ್ಲ ಎನ್ನುತ್ತದೆ. ಇದು ಆಮೇಲೆ ಸೇರಿದ್ದೆಂಬ ವಾದವಿದೆ. ಯಾರು ಸೇರಿಸಿದ್ದರೂ, ಲೆಕ್ಕ ತಪ್ಪಿದ್ದು ಅವರ ಕಣ್ಣಿಗೆ ಬಿದ್ದಿತ್ತೆಂದೇ ನಾನು ಓದುತ್ತೇನೆ. ಹಾಗಿದ್ದೂ ಅಂಕಿಯನ್ನು ತಿದ್ದದೆ ಮನುಷ್ಯರ ಪಾಪಕ್ಕೆ ಹೊಣೆ ಹೊರಿಸಿದರು. ಈ ಕೃತಿಯ ಬಗ್ಗೆ ನನ್ನ ನಿಜವಾದ ಆಕ್ಷೇಪ ಇದು.

ಮುಂದಿನವರು ಬೇರೆ ದಾರಿ ಹಿಡಿದರು. ಯೆಹೂದ್ಯ ಪಂಚಾಂಗ 19 ವರ್ಷಕ್ಕೆ ಏಳು ಅಧಿಕಮಾಸ ಸೇರಿಸಿ ಹಬ್ಬವನ್ನು ಋತುವಿಗೆ ಕಟ್ಟಿಹಾಕಿತು. ಕುರ್‌ಆನ್ ಹನ್ನೆರಡೇ ತಿಂಗಳೆಂದು ಹೇಳಿ ತಿಂಗಳುಗಳನ್ನು ಮುಂದೂಡುವುದನ್ನು ನಿಷೇಧಿಸಿತು. ಹಿಜರಿ ವರ್ಷ ಚಂದ್ರನನ್ನೇ ನಂಬಿ ಋತುಗಳ ಹಂಗು ಬಿಟ್ಟಿತು. ಎರಡರಲ್ಲೂ ಆಕಾಶದ ಮಾತು ಕೇಳಿದ ಪ್ರಾಮಾಣಿಕತೆ ಇದೆ.

ಹಳೆಯ ಧರ್ಮಗ್ರಂಥಗಳಲ್ಲಿ ಇಂದಿನ ವಿಜ್ಞಾನವೆಲ್ಲ ಅಡಗಿದೆ ಎನ್ನುವವರೂ ಅವುಗಳಲ್ಲಿ ಬರೀ ಅಜ್ಞಾನ ಎನ್ನುವವರೂ ಈ ಅಧ್ಯಾಯಗಳನ್ನು ಕಾಗದ, ಪೆನ್ಸಿಲ್ ಹಿಡಿದು ಓದಬೇಕು. 72ನೆಯದರಿಂದ ಶುರುಮಾಡಿ, 80ನೆಯದನ್ನು ಮಾತ್ರ ಹಾರಿಸಬೇಡಿ.