ಗಂಡಸಿಗೊಂದು ಚಾನೆಲ್

1996ರಲ್ಲಿ ಬ್ರಿಟನ್ನಿನ ಗ್ರನಾಡಾ ಮತ್ತು ಸ್ಕೈ ಕೂಡಿ ‘ಮೆನ್ ಅಂಡ್ ಮೋಟರ್ಸ್’ ಅಂತ ಒಂದು ಟೀವಿ ಚಾನೆಲ್ ಶುರು ಮಾಡಿದವು. ಕಾರು, ಬೈಕು, ರಾತ್ರಿಯಾದರೆ ಅರೆಬೆತ್ತಲೆ ಹೆಣ್ಣುಗಳು. ಗಂಡಸು ಅಂದ್ರೆ ಇಷ್ಟೇ ಅನ್ನೋ ಲೆಕ್ಕ.

ಕಾರಿನ ಕಾರ್ಯಕ್ರಮಗಳಲ್ಲಿ ಹುರುಪಿತ್ತು, ಒಪ್ಪಬೇಕು. ಮುಂದೆ ಟಾಪ್ ಗೇರ್‌ನಿಂದ ಹೆಸರಾದ ರಿಚರ್ಡ್ ಹ್ಯಾಮಂಡ್ ಮೊದಲು ಇಲ್ಲೂ ನಿರೂಪಕರಾಗಿದ್ದವರೇ. ಆದ್ರೆ ಕಾರನ್ನು ಅಷ್ಟು ಬಲ್ಲ ಚಾನೆಲ್‌ಗೆ ಅದನ್ನ ಓಡಿಸೋನ ಬಗ್ಗೆ ಕುತೂಹಲವೇ ಇರಲಿಲ್ಲ. ಅವನಿಗೆ ಸಾಲ, ಮಕ್ಕಳು, ಒಂಟಿತನ ಯಾವುದೂ ಇಲ್ಲವೇನೋ ಅನ್ನೋ ಹಾಗೆ!

ಇಂಟರ್ನೆಟ್ಟಲ್ಲಿ ಆ ಎರಡೂ ಸರಕು ಪುಕ್ಕಟೆ ಸಿಗತೊಡಗಿದ ಮೇಲೆ ಇನ್ನೇನು ಉಳೀತು? 2010ರ ಏಪ್ರಿಲ್ 1ಕ್ಕೆ ಐಟಿವಿ ಅದನ್ನ ಮುಚ್ಚಿತು.

2007ರಲ್ಲಿ ಯುಕೆಟಿವಿ ತನ್ನ ‘ಜಿ2’ ಚಾನೆಲ್‌ಗೆ ‘ಡೇವ್’ ಅಂತ ಹೊಸ ಹೆಸರಿಟ್ಟಿತ್ತು. ಗುರಿ ಗಂಡಸರೇ, ಸರಕು ಹೆಚ್ಚಾಗಿ ಹಳೇ ಕಾರ್ಯಕ್ರಮಗಳ ಮರುಪ್ರಸಾರವೇ. ಆದ್ರೆ ಅದು ಕೊಟ್ಟಿದ್ದು ಗೆಳೆಯರ ಜೊತೆ ಕೂತು ನಗೋ ಸುಖ. ಹೆಂಡತಿಯೋ ಅಕ್ಕನೋ ಬಂದು ಪಕ್ಕ ಕೂತರೆ ರಿಮೋಟ್ ಹುಡುಕಬೇಕಿರಲಿಲ್ಲ. ಅದು ಉಳೀತು.

ನಾಳೆ ಮೀಟಿಂಗಲ್ಲಿ ಯಾರಾದ್ರೂ ‘ನಮ್ಮ ಟಾರ್ಗೆಟ್ ಆಡಿಯನ್ಸ್ ಗಂಡಸರು’ ಅಂದ್ರೆ, ಯಾವ ಗಂಡಸರು ಸ್ವಾಮಿ ಅಂತ ಕೇಳಿ.