ಗಂಗಾಬಲ್: ಮೊದಲು ಕಣ್ಣು, ಆಮೇಲೆ ಗಾಳ

ಕಾಶ್ಮೀರದ ನಾರಾನಾಗ್ ಹಳ್ಳಿಯಿಂದ ಗಂಗಾಬಲ್ ಸರೋವರಕ್ಕೆ ಸುಮಾರು 15 ಕಿಲೋಮೀಟರ್. ಇಷ್ಟೇ ತಾನೇ ಅಂದುಕೊಂಡು ಹೊರಟವರಿಗೆ ಮೊದಲ ಗಂಟೆಯಲ್ಲೇ ಮೊಣಕಾಲು ನಿಜ ಹೇಳುತ್ತದೆ. ಎಂಟನೇ ಶತಮಾನದ ಹಳೆಯ ಶಿವಾಲಯಗಳ ಅವಶೇಷಗಳನ್ನು ದಾಟಿದ ಕೂಡಲೇ ಕಾಡಿನೊಳಗೆ ಕಡಿದಾದ ಏರು ಶುರುವಾಗುತ್ತದೆ. ಮರಗಳು ಮುಗಿದು ಹುಲ್ಲುಗಾವಲು ತೆರೆದುಕೊಂಡ ಮೇಲೆ ಗುಜ್ಜರ್, ಬಕರ್ವಾಲ್ ಕುರಿಗಾಹಿಗಳ ಮಂದೆಗಳು ಎದುರಾಗುತ್ತವೆ, ದಾರಿಯೂ ಹದಕ್ಕೆ ಬರುತ್ತದೆ. ಕೊನೆಗೆ, 3,500 ಮೀಟರಿಗಿಂತ ಎತ್ತರದಲ್ಲಿ, ಹರಮುಖ ಶಿಖರದ ಹಿಮ ಕರಗಿ ನಿಂತ ಎರಡು ಸರೋವರಗಳು: ಮೇಲೆ ಗಂಗಾಬಲ್, ಕೆಳಗೆ ನುಂದ್‌ಕೋಲ್. ನಡುವೆ ಒಂದು ಚಿಕ್ಕ ತೊರೆ. ಮೂರರಲ್ಲೂ ಟ್ರೌಟ್ ಮೀನು.

ಇದು ಬೆಂಗಳೂರಿನ ಚಾರಣಿಗರಿಗೆ ಹೊಸ ಜಾಗವೇನಲ್ಲ. ಸೋನಾಮಾರ್ಗ್‌ನಿಂದ ಹೊರಟು ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್‌ಗಳನ್ನು ಸುತ್ತಿ ಬರುವ ಸರೋವರಗಳ ಚಾರಣ ಪ್ರತಿ ಜುಲೈ, ಆಗಸ್ಟ್‌ನಲ್ಲಿ ಕನ್ನಡ ಮಾತನಾಡುವವರಿಂದ ತುಂಬಿರುತ್ತದೆ. ಆದರೆ ಅವರಿಗೆ ಗಂಗಾಬಲ್ ಕೊನೆಯ ತಂಗುದಾಣ. ಸಂಜೆ ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಮರುದಿನ ಬೆಳಿಗ್ಗೆ ನಾರಾನಾಗ್‌ಗೆ ಇಳಿಯುತ್ತಾರೆ. ಗಾಳದ ರಾಡ್ ಹೊತ್ತು ಬಂದವರು ಮಾತ್ರ ಇಡೀ ದಿನ ಅದೇ ನೀರನ್ನು ನೋಡುತ್ತ ಕೂರುತ್ತಾರೆ. ಸರೋವರವನ್ನು ಅರಿಯುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇರೆ ಇಲ್ಲ.

ಕಂದುಬಣ್ಣದ ಈ ಬ್ರೌನ್ ಟ್ರೌಟ್ ಕಾಶ್ಮೀರದ್ದಲ್ಲ, ಯುರೋಪಿನದು. ಇಂಗ್ಲೆಂಡಿನಿಂದ 1899ರಲ್ಲಿ ಬಂದ ಮೊದಲ ಕಂತಿನ ಮೊಟ್ಟೆಗಳು ದಾರಿಯಲ್ಲೇ ಸತ್ತವು. ಮರುವರ್ಷ ಸ್ಕಾಟ್ಲೆಂಡಿನಿಂದ ಬಂದ ಮೊಟ್ಟೆಗಳು ಬದುಕಿದವು. ಅವುಗಳ ಆರೈಕೆಗೆ ನಿಂತವನು ಶ್ರೀನಗರದಲ್ಲಿ ಕಂಬಳಿ-ಕಾರ್ಪೆಟ್ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್. ಒಳಗಿನ ಮರಿಯ ಕಣ್ಣು ಕಪ್ಪು ಚುಕ್ಕೆಯಾಗಿ ಕಾಣುವ ಹಂತಕ್ಕೆ ಬಂದ ಟ್ರೌಟ್ ಮೊಟ್ಟೆಯನ್ನು ತೇವ, ತಂಪು ಕಾಪಾಡಿಕೊಂಡರೆ ವಾರಗಟ್ಟಲೆ ಸಾಗಿಸಬಹುದು. ಹಡಗು, ರೈಲು, ಕುದುರೆಗಾಡಿಗಳನ್ನು ದಾಟಿ ಹಿಮಾಲಯ ಮುಟ್ಟಲು ಸಾಧ್ಯವಾದದ್ದು ಈ ಗುಣದಿಂದ. ದಚಿಗಾಮ್ ಕಾಡಿನ ಅಂಚಿನ ಹಾರ್ವನ್‌ನಲ್ಲಿ ಮರಿ ಮಾಡುವ ಕೇಂದ್ರ ಎದ್ದಿತು, ಮುಂದೆ ಕಣಿವೆಯ ಹೊಳೆಗಳಿಗೆಲ್ಲ ಮರಿಗಳು ಹರಡಿದವು.

ಗಾಳದ ಹವ್ಯಾಸದ ಚರಿತ್ರೆಯಲ್ಲಿ ನಮ್ಮ ಮಂಗಳೂರಿಗೂ ಒಂದು ಸ್ಥಾನವಿದೆ. ಭಾರತದ ಗಾಳಗಾರರು ಬಹುಕಾಲ ಕೈಪಿಡಿಯಂತೆ ಬಳಸಿದ ‘ದಿ ರಾಡ್ ಇನ್ ಇಂಡಿಯಾ’ ಮೊದಲು ಅಚ್ಚಾದದ್ದು 1873ರಲ್ಲಿ, ಮಂಗಳೂರಿನಲ್ಲಿ. ಬರೆದ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಅವರ ಪ್ರೀತಿ ನಮ್ಮ ಹೊಳೆಗಳ ಮಹಶೀರ್ ಮೇಲೆ. ದಕ್ಷಿಣದಲ್ಲಿ ಟ್ರೌಟ್ ನೆಲೆ ನಿಂತದ್ದು ಬಹಳ ತಡವಾಗಿ, ನೀಲಗಿರಿಯ ಅವಲಾಂಚಿಯಲ್ಲಿ ಎಚ್. ಸಿ. ವಿಲ್ಸನ್ 1907ರಲ್ಲಿ ಮರಿಕೇಂದ್ರ ಕಟ್ಟಿದ ನಂತರ.

ಮತ್ತೆ ಗಂಗಾಬಲ್ ದಡಕ್ಕೆ. ಮೇಲೆ ತಲುಪಿದವರಲ್ಲಿ ಹೆಚ್ಚಿನವರು ಬ್ಯಾಗ್ ಇಳಿಸಿದ್ದೇ ರಾಡ್ ಜೋಡಿಸಿ, ತೋಳಿನ ಬಲವೆಲ್ಲ ಹಾಕಿ ನಡುನೀರಿಗೆ ಬೀಸುತ್ತಾರೆ. ನಡುನೀರು ಆಳ, ಥಂಡಿ, ಅಲ್ಲಿ ಮೀನಿಗೆ ತಿನ್ನಲು ಸಿಗುವುದು ಕಡಿಮೆ. ಬಿಸಿಲು ತಳ ಮುಟ್ಟುವ ದಡದ ಪಟ್ಟಿಯಲ್ಲೇ ಸರೋವರದ ಅಡುಗೆಮನೆ ಇರುವುದು. ಮೊಣಕಾಲುದ್ದದ ನೀರಿನಿಂದ ಒಂದು ಕಲ್ಲನ್ನು ಎತ್ತಿ ಮಗುಚಿ ನೋಡಿದರೆ ಸಾಕು. ಅಡಿಯ ಲೋಳೆಯಲ್ಲಿ ನೊರಜಿನ ಮರಿಹುಳುಗಳು ದಾರದ ಎಳೆಗಳಂತೆ ಮಿಸುಕುತ್ತವೆ. ಪಕ್ಕದಲ್ಲಿ ಬೆರಳಿನ ಉಗುರಿನಷ್ಟು ಉದ್ದದ, ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ ಕೊಳವೆ. ಸುಮ್ಮನೆ ಹಿಡಿದುಕೊಂಡಿದ್ದರೆ ಅದರ ಬಾಯಿಂದ ಆರು ಕಾಲು, ಒಂದು ಕರೀ ತಲೆ ಹೊರಬರುತ್ತವೆ. ಕ್ಯಾಡಿಸ್ ಎಂಬ ಕೀಟದ ಮರಿ ಅದು. ಟ್ರೌಟ್ ಅದನ್ನು ಮರಳಿನ ಮನೆಯ ಸಮೇತ ನುಂಗುತ್ತದೆ. ಯಾವ ಫ್ಲೈ ಕಟ್ಟಬೇಕು, ಅಂದರೆ ಕೊಕ್ಕೆಗೆ ಗರಿ, ತುಪ್ಪಳ, ನೂಲು ಸುತ್ತಿ ಮಾಡಿದ ಯಾವ ಹುಳುವಿನ ಸೋಗು ಹಾಕಬೇಕು ಎಂಬುದಕ್ಕೆ ಉತ್ತರ ಆ ಕಲ್ಲಿನ ಅಡಿಯಲ್ಲೇ ಇದೆ.

ಹೊಳೆಯಲ್ಲಿ ಟ್ರೌಟ್ ಒಂದೆಡೆ ನಿಂತು ಹರಿವು ತಂದುಕೊಡುವ ಆಹಾರಕ್ಕೆ ಕಾಯುತ್ತದೆ. ನಿಂತ ನೀರಿನಲ್ಲಿ ಹಾಗಲ್ಲ, ಅದೇ ಹುಡುಕಿಕೊಂಡು ತಿರುಗಬೇಕು. ಬೆಳಿಗ್ಗೆ ಗಾಳಿ ಏಳುವ ಮೊದಲು, ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ದಡದಿಂದ ತುಸು ಹಿಂದೆ ಕುಳಿತರೆ ಈ ಗಸ್ತು ಕಣ್ಣಿಗೆ ಬೀಳುತ್ತದೆ. ಮೊದಲು ಕಾಣುವುದು ಮೀನಲ್ಲ, ತಳದ ಮೇಲೆ ಸರಿಯುವ ಅದರ ನೆರಳು. ದಡಕ್ಕೆ ಸಮಾನಾಂತರವಾಗಿ ಬರುತ್ತದೆ, ಒಂದು ಬಂಡೆಯ ಬಳಿ ಆಳಕ್ಕೆ ಹೊರಳುತ್ತದೆ, ಕೆಲವು ನಿಮಿಷ ಬಿಟ್ಟು ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಮರಳುತ್ತದೆ. ಎರಡು ಸುತ್ತು ನೋಡಿದವರಿಗೆ ಮೂರನೆಯ ಸುತ್ತು ಮೊದಲೇ ಗೊತ್ತಿರುತ್ತದೆ. ಆಗ ಫ್ಲೈ ಬೀಳಬೇಕಾದದ್ದು ಮೀನಿನ ತಲೆಯ ಮೇಲೆ ಅಲ್ಲ, ಅದು ಬರಲಿರುವ ದಾರಿಯಲ್ಲಿ, ಅದು ಬರುವ ಮೊದಲೇ. ಮೀನು ಹತ್ತಿರ ಬಂದಾಗ ದಾರವನ್ನು ಒಂದು ಗೇಣಿನಷ್ಟು ಎಳೆದರೆ ತಳದ ಹುಳು ಎದ್ದಂತೆ ಕಾಣುತ್ತದೆ. ಉಳಿದದ್ದು ಮೀನಿನ ಮರ್ಜಿ.

ಕುಳಿತುಕೊಳ್ಳಿ ಎನ್ನುವುದಕ್ಕೆ ಕಾರಣವಿದೆ. ಬೆಳಕು ನೀರಿನೊಳಗೆ ಬಾಗುವುದರಿಂದ ಹೊರಗಿನ ಇಡೀ ಲೋಕ ಮೀನಿಗೆ ತಲೆಯ ಮೇಲಿನ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯಲ್ಲೇ ಕಾಣುತ್ತದೆ. ಕಿಟಕಿಯ ಅಂಚಿನಲ್ಲಿ ಎಲ್ಲವೂ ಅಪ್ಪಚ್ಚಿ, ಮಸುಕು. ಬಗ್ಗಿ ಕುಳಿತವರು ಆ ಅಂಚಿನಲ್ಲಿ ಕಳೆದುಹೋಗುತ್ತಾರೆ. ಎದ್ದು ನಿಂತು ತೋಳು ಬೀಸಿದವರು ಕಿಟಕಿಯೊಳಗೆ ಬರುತ್ತಾರೆ. ಬೋಳು ದಡದ ಸರೋವರದಲ್ಲಿ ಅಡಗಿಕೊಳ್ಳಲು ಒಂದು ಪೊದೆಯೂ ಇಲ್ಲ, ಹೀಗಾಗಿ ಉದ್ದದ ತೆಳು ಲೀಡರ್, ಅಂದರೆ ಫ್ಲೈ ಕಟ್ಟುವ ತುದಿದಾರ, ಮತ್ತು ಬಗ್ಗಿದ ಬೆನ್ನು ಎರಡೂ ಬೇಕು. ಮಧ್ಯಾಹ್ನ ಗಾಳಿ ಎದ್ದು ನೀರು ಕದಡಿದ ಮೇಲೆ ನಿಯಮ ಸಡಿಲ. ಆಗ ಗಾಳಿಗೆ ಎದುರಾದ ದಡಕ್ಕೆ ಹೋಗಬೇಕು. ಬೀಸುವುದು ಕಷ್ಟ, ಆದರೆ ಹುಲ್ಲುಗಾವಲಿನ ಜೀರುಂಡೆ, ಇರುವೆ, ನೊಣಗಳು ತೇಲಿ ಬಂದು ಸೇರುವುದು ಅಲ್ಲೇ, ಅವುಗಳ ಹಿಂದೆ ಮೀನೂ.

ಕೈಗೆ ಬಂದ ಮೀನು ದೊಡ್ಡದಿರಬೇಕೆಂದಿಲ್ಲ. ಬೆಣ್ಣೆಬಣ್ಣದ ಪಕ್ಕೆ, ಕಪ್ಪು ಚುಕ್ಕೆಗಳು, ನಡುನಡುವೆ ತಿಳಿಬಣ್ಣದ ಉಂಗುರದೊಳಗೆ ಕೆಂಪು ಬೊಟ್ಟು. ವರ್ಷದ ಬಹುಪಾಲು ಮಂಜುಗಡ್ಡೆಯ ಅಡಿಯಲ್ಲೋ ಮಂಜಿನಷ್ಟೇ ತಣ್ಣಗಿನ ನೀರಿನಲ್ಲೋ ಕಳೆಯುವ ಈ ಮೀನಿಗೆ ಮೈತುಂಬಿಕೊಳ್ಳಲು ಸಿಗುವುದು ಕೆಲವೇ ತಿಂಗಳು. ಗೇಣುದ್ದದ ಮೀನೂ ಹಲವು ಚಳಿಗಾಲ ಕಂಡಿರಬಹುದು. ಅದನ್ನು ಮರಳಿ ಬಿಡುವುದೇ ಸರಿ, ಬಿಡುವುದರಲ್ಲೂ ಅವಸರ ಬೇಕು. ಹತ್ತು ಡಿಗ್ರಿ ತಾಪದ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಗಾಳಿಯ ಒತ್ತಡ ಕುಸಿದ ಈ ಎತ್ತರದಲ್ಲಿ ಅದೇ ನೀರು ಹಿಡಿಯುವುದು ಸುಮಾರು 7. ಏರು ಹತ್ತಿದ ಮನುಷ್ಯನಿಗೆ ಯಾವ ಏದುಸಿರೋ ದಾರದ ತುದಿಯಲ್ಲಿ ಸೆಣಸಿದ ಮೀನಿಗೂ ಅದೇ. ಕೊಕ್ಕೆಯ ಒಳಮುಳ್ಳನ್ನು ಇಕ್ಕುಳದಿಂದ ಒತ್ತಿಬಿಟ್ಟು, ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸಬೇಕು. ಫೋಟೊ ಇಲ್ಲದಿದ್ದರೂ ನಡೆಯುತ್ತದೆ.

ಸೆಪ್ಟೆಂಬರ್ ಕೊನೆಗೆ ಹೋಗುವವರು ಎರಡು ಸರೋವರಗಳ ನಡುವಿನ ತೊರೆಯೊಳಗೆ ಕಾಲಿಡಬಾರದು. ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಶರತ್ಕಾಲದಲ್ಲಿ, ಹರಿಯುವ ನೀರಿನ ಜಲ್ಲಿಯನ್ನು ಬಾಲದಿಂದ ತೋಡಿ. ನಿಂತ ನೀರಿನ ಕೆಸರು ಅದಕ್ಕೆ ಆಗಿಬರುವುದಿಲ್ಲ. ಇಂಥ ಸರೋವರದ ಮುಂದಿನ ಪೀಳಿಗೆ ನಿಂತಿರುವುದು ಒಳಬರುವ, ಹೊರಹೋಗುವ ತೊರೆಗಳ ಜಲ್ಲಿಯ ಮೇಲೆ.

ಕಾಶ್ಮೀರಿ ಪಂಡಿತರಿಗೆ ಗಂಗಾಬಲ್ ಪುಣ್ಯತೀರ್ಥ. ಹಿಂದಿನಿಂದಲೂ ಅಸ್ಥಿ ವಿಸರ್ಜನೆ ನಡೆದ ನೀರು ಅದು. ಯಾತ್ರಿಕರು ಬರುವ ದಿನಗಳಲ್ಲಿ ರಾಡ್ ಅನ್ನು ಚೀಲದಿಂದ ತೆಗೆಯದಿರುವುದು ಮರ್ಯಾದೆ. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ಕೆಳಗಿರುವಾಗಲೇ ಮಾಡಿಸಿಕೊಳ್ಳಬೇಕು, ಮೇಲೆ ಕೇಳಲು ಕಚೇರಿಯಿಲ್ಲ. ಸಾಮಾನಿಗೆ ನಾರಾನಾಗ್‌ನಲ್ಲಿ ಕುದುರೆ ಸಿಗುತ್ತದೆ. ನಾಲ್ಕು ತುಂಡಾಗಿ ಮಡಚುವ ಒಂಬತ್ತು ಅಡಿಯ ಹಗುರ ರಾಡ್ ಮಾತ್ರ ಕುದುರೆಯ ಬೆನ್ನಿಗೆ ಬೇಡ, ಹೆಗಲಲ್ಲೇ ಇರಲಿ. ಡೇರೆ ನುಂದ್‌ಕೋಲ್ ದಡದಲ್ಲಿ ಹಾಕಿಕೊಂಡರೆ ಸಂಜೆ ಅಲ್ಲಿ, ಮುಂಜಾನೆ ತುಸು ಮೇಲೆ ನಡೆದು ಗಂಗಾಬಲ್‌ನಲ್ಲಿ ಕೂರಬಹುದು. ಕನಿಷ್ಠ ಎರಡು ರಾತ್ರಿಗೆ ಬೇಕಾದಷ್ಟು ಅಕ್ಕಿಬೇಳೆ ಹೊತ್ತು ಹೋಗಬೇಕು, ಯಾಕೆಂದರೆ ಮೊದಲ ದಿನವೆಲ್ಲ ಮೀನಿನ ಜಾಡು ಗುರುತಿಸುವುದಕ್ಕೇ ಹೋಗುತ್ತದೆ.