ಅನಾಥನಲ್ಲದ ಹುಡುಗನ ಕಥೆ

2006ರ ನವೆಂಬರಿನಲ್ಲಿ ತೆರೆ ಕಂಡ 'ಕೇರ್ ಆಫ್ ಫುಟ್‌ಪಾತ್' ಚಿತ್ರವನ್ನು ನಾವು ಈಚೆಗೆ ಮತ್ತೊಮ್ಮೆ ನೋಡಿದೆವು. ನಿರ್ದೇಶಕ ಕಿಶನ್ ಶ್ರೀಕಾಂತ್‌ಗೆ ಆಗ ಹತ್ತು ವರ್ಷ. ಅಷ್ಟು ಎಳೆಯ ವಯಸ್ಸಿಗೆ ಗಿನ್ನೆಸ್ ದಾಖಲೆ ಬಂತು, ಆ ಸಾಲಿನ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ರಸ್ತೆಯ ಸಿಗ್ನಲ್ ಬಳಿ ದುಡಿಯುವ ಮಕ್ಕಳನ್ನು ಕಂಡು, ಇವರೇಕೆ ಶಾಲೆಗೆ ಹೋಗುವುದಿಲ್ಲ ಎಂದು ಬಾಲಕನಲ್ಲಿ ಎದ್ದ ಪ್ರಶ್ನೆಯೇ ಆ ಚಿತ್ರದ ಬೀಜ. ದೊಡ್ಡವರಾದ ನಾವು ಮುಖ ತಿರುಗಿಸಿ ಮುಂದೆ ಹೋಗುವ ಜಾಗದಲ್ಲಿ ಆತ ನಿಂತು ಕೇಳಿದ. ಅದಕ್ಕೊಂದು ಸಲಾಮು ಸಲ್ಲಲೇಬೇಕು.

ಆದರೂ ನಮ್ಮದೊಂದು ತಕರಾರಿದೆ. ಚಿತ್ರದ ನಾಯಕ ಕೊಳೆಗೇರಿಯ ಅನಾಥ ಹುಡುಗ, ಅವನಿಗೆ ಓದುವ ಹಂಬಲ. ಹುಡುಗನನ್ನು ಅನಾಥನನ್ನಾಗಿ ಮಾಡಿದೊಡನೆ ಕಥೆ ಹಗುರಾಗಿಬಿಡುತ್ತದೆ. ಅಪ್ಪನ ಸಾಲ, ಅಮ್ಮನ ಕೂಲಿ, ಸೊಂಟದ ಮೇಲಿನ ತಮ್ಮ, ಇವೆಲ್ಲ ಲೆಕ್ಕದಿಂದ ಹೊರಗುಳಿಯುತ್ತವೆ. ಉಳಿಯುವುದು ಹುಡುಗನ ಛಲ ಒಂದೇ.

ಚಿತ್ರದುರ್ಗದ ಬಂಡೆಗಳ ಬುಡದ ಗುಡಿಸಲು ಸಾಲಿನಲ್ಲಾಗಲಿ, ಹಿರಿಯೂರಿನ ಹೆದ್ದಾರಿ ಬದಿಯ ಶೀಟಿನ ಮನೆಗಳಲ್ಲಾಗಲಿ ನಾವು ಕಂಡ ಮಕ್ಕಳಲ್ಲಿ ಅನಾಥರು ಬಲು ಕಡಿಮೆ. ಅಪ್ಪ ಅಮ್ಮ ಇದ್ದಾರೆ, ಮಕ್ಕಳ ಮೇಲೆ ಪ್ರೀತಿಯೂ ಇದೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟುತ್ತಾರೆ. ಸುಲಿದಷ್ಟಕ್ಕೆ ಕೂಲಿ. ಎರಡು ಪುಟ್ಟ ಕೈ ಸೇರಿದರೆ ಒಂದಿಷ್ಟು ಹೆಚ್ಚು. ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡು ಮರಳಿ ಬಂದ ಮಗುವಿಗೆ ಪಾಠ ಹತ್ತುವುದಿಲ್ಲ. ನಾಚಿಕೆಯಿಂದ ಹಿಂದಿನ ಬೆಂಚು, ಆಮೇಲೆ ಗ್ಯಾರೇಜು.

ಚಿತ್ರ ತೆರೆಗೆ ಬಂದ ತಿಂಗಳಲ್ಲೇ ಸಾಚಾರ್ ಸಮಿತಿಯ ವರದಿಯೂ ಸಂಸತ್ತಿಗೆ ಬಂದಿತ್ತು. 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದಿತು ಅದು. ಮುಸ್ಲಿಮರ ಮಕ್ಕಳೆಲ್ಲ ಮದ್ರಸಾದಲ್ಲೇ ಇರುತ್ತಾರೆಂಬ ಗಾಳಿಮಾತಿಗೂ ಅಲ್ಲೇ ಉತ್ತರವಿತ್ತು: ಅಲ್ಲಿಗೆ ಹೋಗುವವರು ಶೇ. 3-4 ಮಾತ್ರ. ನಮ್ಮವರು ಆ ಎರಡನೆಯ ಅಂಕಿಯನ್ನು ಭಾಷಣಗಳಲ್ಲಿ ಸಾಕಷ್ಟು ಬಳಸಿಕೊಂಡರು. ಮೊದಲನೆಯದನ್ನು ಹಿಡಿದು ಎಷ್ಟು ಜಮಾಅತ್‌ಗಳು ಕೇರಿಗೆ ಇಳಿದವು? ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ವರ್ಷವರ್ಷ ಶಾಲು, ಪ್ರತಿಭಾ ಪುರಸ್ಕಾರ ತಪ್ಪುವುದಿಲ್ಲ. ಏಳನೆಯ ತರಗತಿಗೇ ಬಿಟ್ಟವನ ಹೆಸರು ಯಾವ ದಫ್ತರಿನಲ್ಲೂ ಇಲ್ಲ.

ನಾವು ಕಥೆಗಾರರೂ ಇದರಲ್ಲಿ ಪಾಲುದಾರರು. ಪಂಕ್ಚರ್ ಅಂಗಡಿಯ ಹುಡುಗನ ಬಗ್ಗೆ ಬರೆದಾಗಲೆಲ್ಲ ಒಂದೋ ಅವನನ್ನು ಸಾಯಿಸಿದ್ದೇವೆ, ಇಲ್ಲವೇ ಕಲೆಕ್ಟರ್ ಮಾಡಿದ್ದೇವೆ. ಸುಮ್ಮನೆ ಶಾಲೆಗೆ ಹೋಗಿಬರುವ ದಡ್ಡ ಹುಡುಗನೊಬ್ಬ ನಮ್ಮ ಕಥೆಗಳಲ್ಲಿ ಬದುಕಿ ಉಳಿದಿಲ್ಲ. 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಜಾಣತನವನ್ನಾಗಲಿ ಹಂಬಲವನ್ನಾಗಲಿ ಕೇಳುವುದಿಲ್ಲ. ವಯಸ್ಸು ಆರರಿಂದ ಹದಿನಾಲ್ಕಿದ್ದರೆ ಸಾಕು. ಕಾನೂನಿಗಿರುವ ಈ ಔದಾರ್ಯ ಸಾಹಿತ್ಯಕ್ಕೆ ಇನ್ನೂ ಬಂದಿಲ್ಲ ಎಂದರೆ ಕಹಿಯಾದೀತು, ಆದರೂ ಹೇಳುತ್ತಿದ್ದೇವೆ. ಒಬ್ಬಂಟಿ ನಾಯಕನ ಮೋಹವೂ ಹಾಗೆಯೇ. ಕರ್ನಾಟಕದ ದುಡಿಯುವ ಮಕ್ಕಳು 1990ರಲ್ಲೇ ಭೀಮ ಸಂಘ ಕಟ್ಟಿಕೊಂಡು ಗುಂಪಾಗಿ ಮಾತಾಡತೊಡಗಿದ್ದರು. ಆ ಗುಂಪಿನ ದನಿ ನಮ್ಮ ತೆರೆಗೂ ಪುಟಕ್ಕೂ ಏಕೆ ಬರಲಿಲ್ಲ?

ಬರೆಯಬೇಕಾದವರು ಇಲ್ಲದಿಲ್ಲ. ದುರ್ಗದ ಅಂಥದೊಂದು ಕೇರಿಯಲ್ಲಿ ಮನೆಯ ಜಗಲಿಯ ಮೇಲೆ ಸಂಜೆ ಪಾಠ ಹೇಳುವ ಆಪಾ ಒಬ್ಬರಿದ್ದಾರೆ. ಹೊಲಿಗೆಯೇ ಅವರ ಅನ್ನ. ಪಾಠ ಅವರ ಕೆಲಸದ ಸಣ್ಣ ಭಾಗ. ಅಡಿಕೆಯ ಕಾಲಕ್ಕೆ ಮುಂಚೆಯೇ ಮನೆಮನೆಗೆ ಹೋಗಿ, "ನೀವು ಹೋಗಿ ಬನ್ನಿ, ಮಗುವನ್ನು ಇಲ್ಲೇ ಬಿಡಿ" ಎನ್ನುತ್ತಾರೆ. ಆ ಮಕ್ಕಳ ರಾತ್ರಿಯ ಮುದ್ದೆಯನ್ನು ಎದುರು ಮನೆಯ ಅಜ್ಜಿ ಒಪ್ಪಿಕೊಂಡಿದ್ದಾಳೆ. ಆಧಾರಿನಲ್ಲೊಂದು, ಶಾಲೆಯ ದಾಖಲೆಯಲ್ಲೊಂದು ಹೆಸರಿರುವ ಮಕ್ಕಳನ್ನು ಕರೆದುಕೊಂಡು ಕಚೇರಿ ಅಲೆಯುವುದೂ ಆಪಾ ಅವರೇ. ಅಲ್ಲಿ ದಿನವಿಡೀ ಕಾದರೆ ಆ ದಿನದ ಹೊಲಿಗೆ ನಿಂತಂತೆ.

ಒಂದು ಸಂಜೆ, ಕಥೆಗಾರರ ದುರಾಸೆಯಿಂದಲೇ ಇರಬೇಕು, ನಾವು ಕೇಳಿದೆವು: "ಆಪಾ, ಇವರಲ್ಲಿ ಚೆನ್ನಾಗಿ ಓದುವವರು ಯಾರು?"

ಅವರು ಗೋಡೆಗೆ ಒರಗಿ ಕುಳಿತಿದ್ದ ಹುಡುಗನತ್ತ ಕೈ ತೋರಿದರು. "ಇವನಿಗೆ ಎರಡು ವರ್ಷದಿಂದ ಕಾಗುಣಿತವೇ ಮುಗಿದಿಲ್ಲ ಭಾಯಿ. ಆದರೆ ಮಳೆ ಬಂದರೂ ತಪ್ಪಿಸಲ್ಲ."

ಹುಡುಗ ತಲೆ ಎತ್ತಲಿಲ್ಲ. ಸ್ಲೇಟಿನ ಮೇಲೆ ಏನನ್ನೋ ಬರೆದು, ಅಂಗೈಯಿಂದ ಒರೆಸಿ, ಮತ್ತೆ ಬರೆಯತೊಡಗಿದ.